ಆರು ಸೆಕೆಂಡಿನ ಕತ್ತಿವರಸೆ: ‘ಪ್ರಿನ್ಸ್ ಆಫ್ ಪರ್ಷಿಯಾ’ (1989) ಈಗ ಆಡುವವರಿಗೆ

ಕೈಯಲ್ಲಿರುವುದು 60 ನಿಮಿಷ. ಅಷ್ಟರೊಳಗೆ ನೆಲಮಾಳಿಗೆಯ ಸೆರೆಯಿಂದ ಗೋಪುರದವರೆಗೆ ಹತ್ತಿ, ವಜೀರ ಜಾಫರ್‌ನನ್ನು ಕೊಂದು, ರಾಜಕುಮಾರಿಯನ್ನು ಬಿಡಿಸಬೇಕು. ಜೋರ್ಡನ್ ಮೆಕ್ನರ್ ಆಪಲ್ 2 ಕಂಪ್ಯೂಟರಿಗೆಂದು ಮಾಡಿದ ಈ ಆಟದ ಬೇರು 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿದೆ. ಜಾಫರ್ ಎಂಬ ಹೆಸರು, ರಾಜಕುಮಾರಿಯ ಮೇಲೆ ಅವನ ಕಣ್ಣು, ನಾಯಕನ ಸೆರೆವಾಸ, ಎಲ್ಲವೂ ಅಲ್ಲಿವೆ. ಆ ಚಿತ್ರದಲ್ಲಿ ಕಳ್ಳ ಹುಡುಗ ಅಬುವಾಗಿ ನಟಿಸಿದವನು ನಮ್ಮ ಮೈಸೂರು ಸೀಮೆಯ ಮಾವುತನ ಮಗ ಸಾಬು. ಅದರ ಟೆಕ್ನಿಕಲರ್ ವೈಭವ ಆಪಲ್ 2ರ ಪರದೆಗೆ ದಕ್ಕುವಂಥದ್ದಲ್ಲ. ಹಾಗಾಗಿ ಮೆಕ್ನರ್ ಬಣ್ಣ ಬಿಟ್ಟು ಚಲನೆಯನ್ನು ಹಿಡಿದರು.

ಓಟ, ಜಿಗಿತಗಳಿಗೆ ಬಿಳಿ ಬಟ್ಟೆ ತೊಟ್ಟ ತಮ್ಮನನ್ನೇ ವಿಡಿಯೋದಲ್ಲಿ ಸೆರೆಹಿಡಿದು, ಚೌಕಟ್ಟು ಚೌಕಟ್ಟಾಗಿ ಬಿಡಿಸಿಕೊಂಡರು. ಕತ್ತಿವರಸೆ ಮಾತ್ರ 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ನದು. ಎರಾಲ್ ಫ್ಲಿನ್ ಮತ್ತು ಬೇಸಿಲ್ ರಾತ್‌ಬೋನ್ ಅವರ ಕೊನೆಯ ಕಾಳಗದಲ್ಲಿ ಇಬ್ಬರೂ ಅಡಿಯಿಂದ ಮುಡಿಯವರೆಗೆ, ಪಕ್ಕನೋಟದಲ್ಲಿ ಕಾಣುವುದು ಸುಮಾರು ಆರೇ ಸೆಕೆಂಡು. ಪಕ್ಕದಿಂದಲೇ ನೋಡುವ ಆಟಕ್ಕೆ ಬೇಕಿದ್ದದ್ದೂ ಅದೇ ಕೋನ. ಇರಿ, ತಡೆ, ಮತ್ತೆ ಇರಿ: ಈ ತಾಳ ಇಂದಿಗೂ ಹಳತಾಗಿಲ್ಲ. ನನ್ನ ಮಟ್ಟಿಗೆ ಇಡೀ ಆಟದ ಜೀವ ಇಲ್ಲೇ ಇದೆ.

ಡಾಸ್ (ಹಳೆಯ ಪಿಸಿಗಳ ಕಾರ್ಯಾಚರಣ ವ್ಯವಸ್ಥೆ) ಆವೃತ್ತಿಯಲ್ಲಿ ಮೇಲಿನ ಬಾಣದ ಕೀಲಿ ತಡೆಯುತ್ತದೆ, ಶಿಫ್ಟ್ ಇರಿಯುತ್ತದೆ. ತಡೆದ ಮರುಕ್ಷಣವೇ ಇರಿಯಿರಿ. ಕತ್ತಿ ಒರೆಯಲ್ಲಿದ್ದಾಗ ಪೆಟ್ಟು ಬಿದ್ದರೆ ಒಂದೇ ಏಟಿಗೆ ಸಾವು. ಮೊದಲ ಹಂತದಲ್ಲಿ ಕತ್ತಿ ಹುಡುಕಿಕೊಳ್ಳದೆ ಕಾವಲುಗಾರನ ಮುಂದೆ ನಿಲ್ಲಬೇಡಿ. ಮೂರನೆಯ ಹಂತದಲ್ಲಿ ಎದ್ದುಬರುವ ಅಸ್ಥಿಪಂಜರ ಕತ್ತಿಗೆ ಸಾಯುವುದಿಲ್ಲ, ಹಿಂದೆ ಹಿಂದೆ ತಳ್ಳಿ ಅಂಚಿನಿಂದ ಬೀಳಿಸಬೇಕು.

ಹೊಸಬರು ಬೈಯುವುದು ಜಿಗಿತವನ್ನು. ನಿಜವಾದ ಮನುಷ್ಯನ ಮೈಯಿಂದ ಬಂದ ಚಲನೆಯಾದ್ದರಿಂದ, ಶುರುವಾದದ್ದು ಮುಗಿಯದೆ ಇನ್ನೊಂದು ಹೆಜ್ಜೆ ಬರುವುದಿಲ್ಲ. ಕೀಲಿಯನ್ನು ಅಂಚಿಗೆ ಬಂದ ಮೇಲೆ ಒತ್ತಿದರೆ ತಡವಾಯಿತು, ಒಂದು ಹೆಜ್ಜೆ ಮೊದಲೇ ಒತ್ತಬೇಕು. ಶಿಫ್ಟ್ ಹಿಡಿದು ಒಂದೊಂದೇ ಹೆಜ್ಜೆಯಿಟ್ಟರೆ ಅಂಚು ಸಿಗುತ್ತದೆ. ನೆಲದ ಮುಳ್ಳುಗಳ ನಡುವೆಯೂ ಹೀಗೇ ದಾಟಬಹುದು, ಓಡಿದರೆ ಸಾವು. ಒಂದು ಅಂತಸ್ತು ಬಿದ್ದರೆ ಏನೂ ಆಗದು, ಎರಡಾದರೆ ಒಂದು ಪ್ರಾಣಬಿಂದು ಹೋಗುತ್ತದೆ, ಮೂರಾದರೆ ಮುಗಿಯಿತು. ಅಂಚಿಗೆ ಜೋತುಬಿದ್ದು ಕೈಬಿಟ್ಟರೆ ಬೀಳುವ ಎತ್ತರ ಅಷ್ಟು ಕಡಿಮೆ.

ಹಳೆಯ ಡಾಸ್ ಪ್ರತಿಯಲ್ಲಿ ಮೊದಲ ಹಂತ ಮುಗಿದೊಡನೆ ನಕಲು ಪ್ರತಿಗಳನ್ನು ತಡೆಯಲೆಂದು ಕೈಪಿಡಿಯ ಅಕ್ಷರ ಕೇಳುವ ಔಷಧಿಕೋಣೆ ಬರುತ್ತದೆ. ಕೈಪಿಡಿ ಇಲ್ಲದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಡಾಸ್ ಆಟವನ್ನೇ ಹೊಸ ಯಂತ್ರಗಳಿಗೆ ಒಗ್ಗಿಸಿದ, ಉಚಿತವಾಗಿ ಸಿಗುವ ಎಸ್‌ಡಿಎಲ್‌ಪಾಪ್ ಇಂದಿನ ಕಂಪ್ಯೂಟರಿಗೆ ಒಳ್ಳೆಯದು. ಎಫ್6 ಒತ್ತಿದರೆ ಆಟ ಉಳಿಯುತ್ತದೆ, ಎಫ್9 ಒತ್ತಿದರೆ ಅಲ್ಲಿಂದಲೇ ಮುಂದುವರಿಯುತ್ತದೆ. ಮೊದಲ ಸಲ ಆಡುವವರು ನಾಚಿಕೆಯಿಲ್ಲದೆ ಬಳಸಲಿ.

ಇನ್ನೊಂದು ಸೊಗಸು: ಹೊಸ ಶತ್ರುವಿನ ಚಿತ್ರಗಳಿಗೆ ಮೆಮೊರಿ ಉಳಿದಿರಲಿಲ್ಲ. ನಾಯಕನ ಚಿತ್ರಗಳನ್ನೇ ಒಂದು ಬಿಟ್ ಸರಿಸಿ, ಅವುಗಳ ಮೇಲೇ ಎಕ್ಸ್‌ಓಆರ್ (ಎರಡೂ ಒಂದೇ ಆಗಿರುವಲ್ಲಿ ಅಳಿಸಿ, ಬೇರೆಯಾದಲ್ಲಿ ಮಾತ್ರ ಉಳಿಸುವ ಲೆಕ್ಕ) ಮಾಡಿದಾಗ ಮಿನುಗುವ ನೆರಳು ಹುಟ್ಟಿತು. ಹನ್ನೆರಡನೆಯ ಹಂತದಲ್ಲಿ ಅದು ಕತ್ತಿ ಹಿಡಿದು ಎದುರಾಗುತ್ತದೆ. ನೀವು ಇರಿದರೆ ಗಾಯ ನಿಮಗೇ. ಕೆಳಗಿನ ಬಾಣ ಒತ್ತಿ, ಕತ್ತಿಯನ್ನು ಒರೆಗೆ ಸೇರಿಸಿ, ಅದರತ್ತ ನಡೆಯಿರಿ.