ಮುದಿ ಕುದುರೆಗೆ ಇಲ್ಲಿ ಜಾಗವಿಲ್ಲ: ಐದಕ್ಕೆ ಎರಡು ಸ್ಟಾರ್

ಕುದುರೆ ಮಾರಿಸಿಕೊಡುವ ಈ ಆನ್‌ಲೈನ್ ಸೇವೆಯ ಹೆಸರು ಹಾಕುತ್ತಿಲ್ಲ. ಎರಡು ವರ್ಷದ ಹಿಂದೆ ಒಂಬತ್ತು ವರ್ಷದ ಗಂಡು ಕುದುರೆಯನ್ನು ಇವರ ಮೂಲಕವೇ ಮಾರಿದ್ದೆ. ಹತ್ತೇ ದಿನದಲ್ಲಿ ಕೆಲಸ ಮುಗಿದಿತ್ತು, ತಕರಾರಿರಲಿಲ್ಲ. ಈ ಸಲ ಮಂಡಿ ನೋವು ತಡೆಯಲಾಗದೆ, ಲಾಯದ ಕೆಲಸ ಕೈಲಾಗದೆ, 24 ವರ್ಷದ ನಮ್ಮ ಮುದುಕಿಯನ್ನು ಮಾರಾಟಕ್ಕೆ ಹಾಕಲು ಹೋದೆ.

ಫಾರ್ಮ್‌ನಲ್ಲಿ ಎತ್ತರ, ಬಣ್ಣ, ಸ್ವಭಾವ, ಬೇಲಿ ಹಾರುತ್ತದೆಯೇ ಎಲ್ಲ ಕೇಳುತ್ತಾರೆ. ವಯಸ್ಸಿನ ಕೊನೆಯ ಆಯ್ಕೆ ‘15ಕ್ಕಿಂತ ಹೆಚ್ಚು’. ಹದಿನಾರೂ ಅದೇ, ಇಪ್ಪತ್ತೆಂಟೂ ಅದೇ. ಅವಳ ದವಡೆ ಹಲ್ಲು ಸವೆದುಹೋಗಿವೆ. ಒಣಹುಲ್ಲನ್ನು ಅಗಿದೂ ಅಗಿದೂ ನುಂಗಲಾರದೆ ಒದ್ದೆ ಉಂಡೆ ಮಾಡಿ ಉಗುಳುತ್ತಾಳೆ; ಬೆಳಗ್ಗೆ ಲಾಯದ ನೆಲದ ತುಂಬ ಅಂಥ ಉಂಡೆಗಳು. ಮೇವನ್ನು ನೆನೆಸಿ ಗಂಜಿಯ ಹಾಗೆ ಕೊಡಬೇಕು. ತಿನ್ನಲು ಮುಕ್ಕಾಲು ಗಂಟೆ ಬೇಕು, ಪಕ್ಕದಲ್ಲಿ ಇನ್ನೊಂದು ಕುದುರೆ ಬಂದರೆ ಬಿಟ್ಟುಕೊಟ್ಟು ಸರಿದು ನಿಲ್ಲುತ್ತಾಳೆ. ಚಳಿಗಾಲದ ಕೂದಲು ಬೇಸಿಗೆಯಲ್ಲೂ ಉದುರುವುದಿಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ತೊಂದರೆ, ದಿನಾ ಮಾತ್ರೆ. ತಪ್ಪಿದರೆ ಗೊರಸಿನೊಳಗೆ ಉರಿಯೂತವಾಗಿ ನಿಲ್ಲಲೂ ಆಗದ ಸ್ಥಿತಿ ಬರಬಹುದು. ಇದನ್ನೆಲ್ಲ ಬರೆಯಲು ಇದ್ದದ್ದು ‘ಇತರೆ’ ಎಂಬ ಒಂದು ಡಬ್ಬಿ. ಅದರಲ್ಲೇ ತುರುಕಿದೆ.

ಮರುದಿನ ಅವರ ಕಡೆಯ ಹುಡುಗ ಫೋನ್ ಮಾಡಿದ. “ಮೇಡಂ, ಇಷ್ಟೆಲ್ಲಾ ಬರೆದ್ರೆ ಯಾರೂ ವಿಚಾರಿಸಲ್ಲ. ಹದಿನಾರು ಅಂತ ಹಾಕೋಣ, ಫೋಟೋದಲ್ಲಿ ಹಾಗೇ ಕಾಣುತ್ತೆ.” ಫೋಟೋದಲ್ಲಿ ಕಾಣಬಹುದು, ಬಾಯಲ್ಲಿ ಕಾಣುತ್ತದಲ್ಲ! ಮೇಲ್ದವಡೆಯ ಮುಂಭಾಗದ ಹಲ್ಲುಸಾಲಿನ ಮೂಲೆಯ ಹಲ್ಲಿನಲ್ಲಿ ಒಂದು ಕಂದು ಗೀರು ಇರುತ್ತದೆ. ಸುಮಾರು 10ನೇ ವರ್ಷಕ್ಕೆ ವಸಡಿನ ಹತ್ತಿರ ಮೂಡಿ, 15ಕ್ಕೆ ಅರ್ಧಕ್ಕೆ ಇಳಿದು, 20ಕ್ಕೆ ತುದಿ ಮುಟ್ಟುತ್ತದೆ. ಆಮೇಲೆ ಮೇಲಿಂದ ಅಳಿಸುತ್ತಾ ಬರುತ್ತದೆ. ಇವಳದು ಮೇಲಿನ ಅರ್ಧ ಹೆಚ್ಚುಕಡಿಮೆ ಮಾಯ. ಕೆಲವು ವರ್ಷ ಆಚೀಚೆ ಆದೀತು, ಎಂಟು ವರ್ಷ ಆಗುವುದು ಕಷ್ಟ. ಹದಿನಾರೆಂದು ನಂಬಿ ಕೊಂಡವರು ಒಣಹುಲ್ಲು ಹಾಕಿ, ಜೀನು ಬಿಗಿದು ಸವಾರಿಗೆ ಕರೆದೊಯ್ಯುತ್ತಾರೆ. ತಿಂಗಳಲ್ಲಿ ಪಕ್ಕೆಲುಬು ಎಣಿಸಬಹುದು.

ಬಂದ ವಿಚಾರಣೆ ಮೂರು. ಒಬ್ಬರಿಗೆ ಮಕ್ಕಳ ಸವಾರಿಗೆ ಬೇಕಿತ್ತು. ಇನ್ನೊಬ್ಬರು ಮಾತ್ರೆಯ ಖರ್ಚು ಕೇಳಿ ಸುಮ್ಮನಾದರು, ಅವರ ಮೇಲೆ ಬೇಸರವಿಲ್ಲ. ಮೂರನೆಯವರು ಹೆಸರು ಕೇಳಲಿಲ್ಲ, ಹಲ್ಲು ಕೇಳಲಿಲ್ಲ, ಕಾಯಿಲೆಯನ್ನೂ ಕೇಳಲಿಲ್ಲ. “ತೂಕ ಎಷ್ಟು?” ಅಂದರು. ಅಷ್ಟೇ. ಅವತ್ತೇ ಜಾಹೀರಾತು ತೆಗೆಸಿದೆ.

ಅದೇ ಪುಟದಲ್ಲಿ ಒಂದು ಮರಿಯನ್ನೂ ನೋಡಿದೆ. ಬಾಲ ಇನ್ನೂ ಬ್ರಶ್ಶಿನಂತೆ ಗುಂಗುರು. ‘ಮೂರು ತಿಂಗಳು, ತಾಯಿ ಬೇರೆಯಾಗಿ ಮಾರಾಟಕ್ಕಿದೆ’. ಹಾಲು ಬಿಡಿಸುವುದೇ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಿಗೆ, ಅದೂ ಮೇವು ಚೆನ್ನಾಗಿ ತಿನ್ನಲು ಕಲಿತ ಮೇಲೆ. ತಾಯಿ, ಹಾಲು, ಲಾಯ ಮೂರನ್ನೂ ಒಂದೇ ದಿನ ಕಿತ್ತು ಗಾಡಿಗೆ ಹತ್ತಿಸಿದರೆ ಮೇವು ಬಿಡುವುದು, ಹೊಟ್ಟೆ ಹುಣ್ಣು, ಭೇದಿ ಎಲ್ಲ ಕಾದಿರುತ್ತವೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಗಿಣ್ಣುಹಾಲು ಕುಡಿದಿತ್ತೇ ಎಂದೂ ಕೇಳಬೇಕು. ಕುದುರೆಮರಿಗೆ ರೋಗನಿರೋಧಕ ಶಕ್ತಿ ಸಿಗುವುದು ಗರ್ಭದಲ್ಲಲ್ಲ, ಆ ಹಾಲಿನಿಂದ. ಇನ್ನೊಂದು ಜಾಹೀರಾತಿನಲ್ಲಿ ಎರಡು ವರ್ಷದ್ದು ‘ದೊಡ್ಡವರ ಸವಾರಿಗೆ ಸಿದ್ಧ’. ಬೆನ್ನುಮೂಳೆ ಬೆಳೆದು ಮುಗಿಯುವುದೇ ಐದು ವರ್ಷ ದಾಟಿದ ಮೇಲೆ.

ಮರಿಯ ಬಗ್ಗೆ ದೂರು ಕೊಟ್ಟೆ. ವಿನಯವಾದ ಉತ್ತರ ಎರಡೇ ಗಂಟೆಯಲ್ಲಿ ಬಂತು (ಒಂದು ಸ್ಟಾರ್ ಅದಕ್ಕೆ). ನಾಲ್ಕು ದಿನ ಬಿಟ್ಟು ನೋಡಿದರೆ ‘ತಾಯಿ ಬೇರೆಯಾಗಿ’ ಎಂಬ ಸಾಲು ಮಾತ್ರ ಇಲ್ಲ, ಮರಿ ಅಲ್ಲೇ ಇದೆ.

ಎರಡನೇ ಸ್ಟಾರ್, ಶುಲ್ಕದ ಅರ್ಧವನ್ನು ಕೇಳಿದ ಕೂಡಲೇ ವಾಪಸ್ ಕೊಟ್ಟದ್ದಕ್ಕೆ. ಆ ದುಡ್ಡು ಮಾತ್ರೆಗೆ ಹೋಯಿತು. ಸವಾರಿ ಕಲಿಯಲು ಬರುವ ಪಕ್ಕದ ಹುಡುಗಿ ಈಗ ಬೆಳಗ್ಗೆ ಮೇವು ನೆನೆಸಿಡುತ್ತಾಳೆ. ಮುದುಕಿ ಬಕೆಟ್ಟಿನ ತಳ ನೆಕ್ಕುವ ಸದ್ದು ಅಡುಗೆಮನೆಗೆ ಕೇಳುತ್ತದೆ.