ಮೂರು ಟೀ-ಶರ್ಟ್‌ಗಳ ಸೆಟ್: ಹೊಲಿಗೆ ಗಟ್ಟಿ, ಬಟ್ಟೆಯಲ್ಲೇ ದೋಷ

ಬಿಳಿ, ನೀಲಿ, ಕಪ್ಪು, ಮೂರು ಹತ್ತಿ ಟೀ-ಶರ್ಟ್‌ಗಳ ಸೆಟ್ ತಗೊಂಡು 2 ತಿಂಗಳಾಯಿತು. 5ಕ್ಕೆ 2 ಸ್ಟಾರ್ ಕೊಡುತ್ತಿದ್ದೇನೆ. ಹೊಲಿಗೆ ಗಟ್ಟಿಯಾಗಿದೆ, ಕುತ್ತಿಗೆಯ ಪಟ್ಟಿ ಇನ್ನೂ ಜೋತುಬಿದ್ದಿಲ್ಲ, ಅಳತೆಯೂ ಸರಿಯಿದೆ. ಹಾಳಾಗಿರುವುದು ಬಟ್ಟೆ. ಹೆಣಿಗೆ ಮಷೀನಿನ ಮುಂದೆ ಕೆಲವು ವರ್ಷ ನಿಂತು ಕೆಲಸ ಮಾಡಿದವನು ನಾನು, ಇಂಥದ್ದನ್ನು ನೋಡಿದರೆ ಸುಮ್ಮನಿರಲು ಆಗುವುದಿಲ್ಲ.

ಮೊದಲು ಕಪ್ಪು. ಎದೆಯ ಎಡಗಡೆ ಮೇಲಿನಿಂದ ಕೆಳಗಿನವರೆಗೆ ಒಂದು ಸಣ್ಣ ಗೆರೆ. ಉದ್ದಕ್ಕೆ ಗೆರೆ ಬಂದರೆ ಮೊದಲು ಸೂಜಿಯನ್ನೇ ನೋಡಬೇಕು. ದುಂಡು ಹೆಣಿಗೆ ಮಷೀನಿನಲ್ಲಿ ಒಂದೊಂದು ಸೂಜಿಯೂ ಒಂದೊಂದು ಸಾಲು ಕುಣಿಕೆಯನ್ನು ಕೆಳಗಿಳಿಸುತ್ತಾ ಹೋಗುತ್ತದೆ, ಅದು ಬಾಗಿದ್ದರೆ ಅಥವಾ ಸವೆದಿದ್ದರೆ ಬದಲಾಯಿಸುವವರೆಗೂ ಆ ಸಾಲು ಹಾಳೇ. ಅಂದರೆ ಇದು ನನ್ನ ಒಂದು ಶರ್ಟಿನ ಕಥೆಯಲ್ಲ, ಆ ರೋಲ್‌ನಲ್ಲಿ ಕತ್ತರಿಸಿದ ಇನ್ನೂ ಎಷ್ಟೋ ಶರ್ಟುಗಳಲ್ಲಿ ಇದೇ ಗೆರೆ ಇರುತ್ತದೆ. ಒಬ್ಬರಾದರೂ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ್ದರೆ ಸಿಗುತ್ತಿತ್ತು ಅಲ್ವಾ?

ನೀಲಿಯದರಲ್ಲಿ ಗೆರೆ ಅಡ್ಡಕ್ಕಿದೆ. ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುವ ತೆಳು ಪಟ್ಟೆಗಳು, ಬ್ಯಾರೆ ಅಂತಾರೆ. ಇಲ್ಲಿ ಸೂಜಿಯದೇನೂ ತಪ್ಪಿಲ್ಲ, ನೂಲಿನದು. ಮಷೀನಿನ ಸುತ್ತ ಸೂಜಿಗಳಿಗೆ ನೂಲು ಉಣಿಸುವ ಹತ್ತಾರು ಫೀಡರ್‌ಗಳಿರುತ್ತವೆ, ಒಂದೊಂದಕ್ಕೂ ಬೇರೆ ಕೋನ್‌ನಿಂದ, ಅಂದರೆ ನೂಲಿನ ಉಂಡೆಯಿಂದ ನೂಲು. ಯಾವುದೋ ಒಂದು ಕೋನ್ ಬೇರೆ ಲಾಟಿನದ್ದಾಗಿದ್ದರೆ, ಇಲ್ಲವೇ ಒಂದು ಕಡೆ ನೂಲಿನ ಬಿಗಿ ಜಾಸ್ತಿಯಾಗಿದ್ದರೆ, ಮಷೀನ್ ಒಂದು ಸುತ್ತು ಬಂದಾಗಲೆಲ್ಲ ಆ ಸಾಲು ಬೇರೆಯಾಗಿ ಕಾಣುತ್ತದೆ. ಬಣ್ಣ ಹಾಕುವ ಮೊದಲು ಇದು ಕಣ್ಣಿಗೆ ಬೀಳುವುದೇ ಕಷ್ಟ, ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ.

ಇದಕ್ಕಿಂತ ಬೇಜಾರಾಗಿದ್ದು ಮೂರನೇ ಒಗೆತದ ನಂತರ. ನೀಲಿಯ ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಮೇಲೆ ಬಂದು ಕೂತಿದೆ! ಕಂಪನಿಯವರನ್ನು ಕೇಳಿದರೆ ನೀವು ಒಗೆದ ರೀತಿ ಸರಿಯಿಲ್ಲ ಅಂದರು. ಅದು ತಪ್ಪು. ನೂಲಿನಲ್ಲಿ ಹುರಿ ಜಾಸ್ತಿ ಉಳಿದಿದ್ದರೆ ನೀರು ತಾಗಿದಾಗ ಅದು ಬಿಚ್ಚಿಕೊಳ್ಳಲು ನೋಡುತ್ತದೆ, ಕುಣಿಕೆಗಳೆಲ್ಲ ಒಂದೇ ಕಡೆಗೆ ವಾಲುತ್ತವೆ. ಒಂದೇ ಪದರದ ಸಿಂಗಲ್ ಜೆರ್ಸಿಯಲ್ಲಿ ಇದು ಹೆಚ್ಚು, ಎರಡು ಪದರ ಸೇರಿಸಿ ಹೆಣೆದ ಇಂಟರ್‌ಲಾಕ್‌ನಲ್ಲಿ ತೀರಾ ಕಡಿಮೆ. ಫೀಡರ್‌ಗಳು ಜಾಸ್ತಿಯಾದಷ್ಟೂ ಓರೆ ಇನ್ನಷ್ಟು ಹೆಚ್ಚುತ್ತದೆ. ಇಸ್ತ್ರಿ ಹಾಕಿ ಎಳೆದು ನೇರ ಮಾಡಿದರೂ ಮುಂದಿನ ಒಗೆತಕ್ಕೆ ಮತ್ತೆ ಅಷ್ಟೇ. ಕತ್ತರಿಸುವ ಮೊದಲೇ ಬಟ್ಟೆಯನ್ನು ಎಳೆಯದೆ ಒಣಗಿಸಿ, ಸರಿಯಾಗಿ ಕುಗ್ಗಲು ಬಿಟ್ಟಿದ್ದರೆ ಇಷ್ಟು ತಿರುಚುತ್ತಿರಲಿಲ್ಲ.

ಕಂಕುಳ ಹತ್ತಿರ ಸ್ವಲ್ಪ ಗುಂಜು ಎದ್ದಿದೆ. ಗಿಡ್ಡ ಎಳೆಯ ಹತ್ತಿ ಇರಬೇಕು, ಅದನ್ನು ನಾನು ದೊಡ್ಡದು ಮಾಡುವುದಿಲ್ಲ. ಇದೇ ಸೆಟ್‌ಗೆ ರಿವ್ಯೂ ಬರೆದ ಇನ್ನೊಬ್ಬರು ತೋಳಿನ ಅಂಚು ಕತ್ತರಿಸಿದರೆ ಬಟ್ಟೆ ಸುರುಳಿಯಾಗುತ್ತದೆ ಅಂತ ದೂರಿದ್ದಾರೆ. ಅದು ದೋಷವಲ್ಲ, ಸಿಂಗಲ್ ಜೆರ್ಸಿಯ ಗುಣವೇ ಹಾಗೆ.

ತಗೊಂಡಿದ್ದರೆ ವಾಪಸ್ ಕೊಡುವ ದಿನ ಮುಗಿಯುವ ಮೊದಲೇ ಕಿಟಕಿಯ ಬೆಳಕಿಗೆ ಹಿಡಿದು, ಅಡ್ಡಕ್ಕೆ ಮೆಲ್ಲಗೆ ಎಳೆದು ನೋಡಿ. ಬಿಟ್ಟುಹೋದ ಕುಣಿಕೆ, ಎಣ್ಣೆ ಕಲೆ, ಸೂಜಿ ಗೆರೆ ಎಲ್ಲ ಆಗಲೇ ಕಾಣುತ್ತವೆ. ಬಿಳಿಯದು ಮಾತ್ರ ಎಷ್ಟು ಒಗೆದರೂ ನೇರವಾಗಿಯೇ ಇದೆ. ಅದೊಂದನ್ನೇ ಬಿಡಿಯಾಗಿ ಮಾರಿದರೆ ಇನ್ನೆರಡು ತಗೊಳ್ಳುತ್ತೇನೆ.