ಬಿಸಿಲಿಗೆ ನಿಂತ ವೈನ್ ಬಾಟಲಿ ಮನೆಗೆ ತರಬೇಡಿ

ಅಂಗಡಿಯ ಗಾಜಿನ ಶೋಕೇಸಿನಲ್ಲಿ, ಬಿಸಿಲು ಬೀಳುವ ಕಡೆ ನಿಲ್ಲಿಸಿರುವ ವೈನ್ ಬಾಟಲಿಗಳನ್ನು ದಯವಿಟ್ಟು ಕೊಳ್ಳಬೇಡಿ. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ನಾನು ಐದು ಬಾಟಲಿ ತಂದು ಹತ್ತಿರ ಹತ್ತಿರ ಐದು ಸಾವಿರ ರೂಪಾಯಿ ಕಳೆದುಕೊಂಡೆ. ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು, ತುಂಬಾ ದಿನದ ಮೇಲೆ ಎಲ್ಲರೂ ಸೇರಿದ್ದ ಒಂದು ಸಂಜೆ ಹಾಳಾಯಿತಲ್ಲ, ಅದಕ್ಕೆ.

ಏಪ್ರಿಲ್ ಕೊನೆಯ ವಾರ. ಮೈಸೂರಿನಿಂದ ಅಕ್ಕ, ಭಾವ ಬರುವವರಿದ್ದರು. ಭಾವನಿಗೆ ವೈನ್ ಅಂದರೆ ಇಷ್ಟ, ಅದರಲ್ಲೂ ಶಿರಾಜ್ ಅನ್ನುವ ರೆಡ್ ವೈನ್. ಆಫೀಸಿನಿಂದ ಬರುವ ದಾರಿಯಲ್ಲಿ ಒಂದು ಅಂಗಡಿಗೆ ಹೋದೆ. ಮೂರು ಶಿರಾಜ್, ಎರಡು ಸಾವಿನ್ಯೋನ್ ಬ್ಲಾಂಕ್ ಅನ್ನುವ ಬಿಳಿ ವೈನ್ ಕೇಳಿದೆ. ಅಂಗಡಿಯವರು ಶೋಕೇಸಿನಿಂದ ತೆಗೆದುಕೊಟ್ಟರು. ಲೇಬಲ್ ಮಾಸಿತ್ತು. ಬಾಟಲಿ ಮುಟ್ಟಿದರೆ ಬೆಚ್ಚಗಿತ್ತು. ಬಿಳಿ ವೈನಿನ ಮೇಲಿದ್ದ ವರ್ಷ ನೋಡಿದೆ, ಐದು ವರ್ಷ ಹಳೆಯದು. ಕೇಳಿದ್ದಕ್ಕೆ, ‘ಹಳೇದಾದಷ್ಟೂ ವೈನ್ ಚೆನ್ನಾಗಿರುತ್ತೆ ಸರ್, ನಿಮಗೆ ಗೊತ್ತಿಲ್ವಾ? ಸ್ವಲ್ಪ ಕಮ್ಮಿ ಮಾಡ್ಕೊಡ್ತೀನಿ’ ಅಂದರು. ಬಿಲ್ ಕೇಳಿದರೆ ಒಂದು ಚೀಟಿಯಲ್ಲಿ ಮೊತ್ತ ಬರೆದುಕೊಟ್ಟರು.

ಆ ಮಾತನ್ನು ನಂಬಬೇಡಿ. ವರ್ಷಗಟ್ಟಲೆ ಇಟ್ಟು ಕುಡಿಯಲಿ ಅಂತ ಮಾಡುವ ವೈನ್ ತುಂಬಾ ಕಡಿಮೆ. ಅವನ್ನೂ ತಣ್ಣಗೆ, ಕತ್ತಲಲ್ಲಿ ಇಟ್ಟಿದ್ದರೆ ಮಾತ್ರ ಚೆನ್ನಾಗಿರುತ್ತವೆ. ನಾವು ಮಾಮೂಲಿಯಾಗಿ ಕೊಳ್ಳುವ ವೈನ್ ಬೇಗ ಕುಡಿಯುವುದಕ್ಕೆ ಮಾಡಿದ್ದು. ಸಾವಿನ್ಯೋನ್ ಬ್ಲಾಂಕ್ ಅಂತೂ ಎಳೆಯದಿದ್ದಾಗಲೇ ಚೆಂದ, ಎರಡು ಮೂರು ವರ್ಷದೊಳಗೆ ಮುಗಿಸಬೇಕು.

ಶನಿವಾರ ರಾತ್ರಿ ಮೊದಲ ಶಿರಾಜ್ ತೆಗೆದೆ. ಕಾರ್ಕ್ ಬಾಟಲಿಯ ಬಾಯಿಗಿಂತ ಒಂದು ಕಡಲೆಕಾಳಿನಷ್ಟು ಮೇಲೆದ್ದಿತ್ತು. ಮೇಲಿನ ಫಾಯಿಲ್ ಅಂಟಂಟಾಗಿ ಗಾಜಿಗೆ ಹಿಡಿದುಕೊಂಡಿತ್ತು, ಚಾಕುವಿನಲ್ಲಿ ಕೆರೆಯಬೇಕಾಯಿತು. ಕಾರ್ಕ್ ಹೊರಗೆ ಬಂದ ಮೇಲೆ ದೀಪದ ಕೆಳಗೆ ಹಿಡಿದು ನೋಡಿದೆ. ಬುಡದಿಂದ ತುದಿಯವರೆಗೂ ಒಂದು ಕೆಂಪು ಗೆರೆ. ಸರಿಯಾಗಿದ್ದ ಕಾರ್ಕಿನಲ್ಲಿ ಬುಡ ಮಾತ್ರ ಕೆಂಪಾಗಿರುತ್ತೆ. ಇಲ್ಲಿ ವೈನ್ ಪಕ್ಕದಲ್ಲೇ ದಾರಿ ಮಾಡಿಕೊಂಡು ಮೇಲೆ ಹತ್ತಿತ್ತು.

ಭಾವ ಲೋಟ ಮೂಗಿನ ಹತ್ತಿರ ಹಿಡಿದು ಸುಮ್ಮನಾದರು. ಆಮೇಲೆ ಮೆಲ್ಲಗೆ, ‘ಇದು ಬೆಂದು ಹೋಗಿದೆ ಕಣಪ್ಪ’ ಅಂದರು. ನಿಜ. ಒಣದ್ರಾಕ್ಷಿಯನ್ನು ಸಕ್ಕರೆ ಪಾಕದಲ್ಲಿ ಹಾಕಿ ತಳ ಹಿಡಿಸಿದರೆ ಹೇಗಿರುತ್ತೆ, ಹಾಗಿತ್ತು ವಾಸನೆ. ಬಾಯಿಗೆ ಹಾಕಿದರೆ ಮೊದಲು ಜಾಮ್ ತರಹ, ತಕ್ಷಣ ಗಂಟಲಿಗೆ ಚುಚ್ಚುವ ಹುಳಿ, ಕೊನೆಗೆ ಏನೂ ಇಲ್ಲ. ಎರಡನೇ ಶಿರಾಜ್ ತೆಗೆದೆ, ಅದೂ ಹಾಗೇ. ಬಿಳಿ ವೈನ್ ಲೋಟಕ್ಕೆ ಬಿದ್ದಾಗ ಹಾಲಿಲ್ಲದ ಟೀ ಬಣ್ಣ. ಅಕ್ಕ ಒಂದು ಗುಟುಕು ಕುಡಿದು, ‘ಬಿಡೋ, ಮಜ್ಜಿಗೆ ಕೊಡು ಸಾಕು’ ಅಂದಳು. ನನಗಾಗಿ ಹಗುರ ಮಾಡಿ ಹೇಳಿದಳು, ಆದರೆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮಾಡಿಟ್ಟಿದ್ದ ಮೆಣಸಿನ ಚಿಕನ್ ಜೊತೆ ಯಾರೂ ವೈನ್ ಮುಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಉಳಿದ ವೈನ್ ಸಮೇತ ಅಂಗಡಿಗೆ ಹೋದೆ. ‘ಓಪನ್ ಮಾಡಿದ್ದು ವಾಪಸ್ ತಗೊಳಲ್ಲ. ವೈನ್ ಅಂದ್ರೆ ಹುಳಿ ಇರುತ್ತೆ ಸರ್. ನಿನ್ನೆ ತೆಗೆದಿದ್ದು, ರಾತ್ರಿಯೆಲ್ಲಾ ಗಾಳಿ ತಗೊಂಡಿದೆ, ಅದಕ್ಕೇ’ ಅಂದರು. ತೆಗೆಯದೇ ಇದ್ದ ಎರಡು ಬಾಟಲಿಯನ್ನೂ ವಾಪಸ್ ತೆಗೆದುಕೊಳ್ಳಲಿಲ್ಲ.

ಗಾಳಿಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮನಸ್ಸಿಗೆ ಸಮಾಧಾನ ಬೇಕಿತ್ತು. ಬೇರೆ ಅಂಗಡಿಗೆ ಹೋದೆ. ಅಲ್ಲಿ ಒಳಗಿನ ಕೋಣೆಯಲ್ಲಿ ಎಸಿ ಹಾಕಿ ಬಾಟಲಿಗಳನ್ನು ಮಲಗಿಸಿದ್ದರು. ಅದೇ ಕಂಪನಿ, ಅದೇ ವರ್ಷದ ಶಿರಾಜ್ ಸಿಕ್ಕಿತು. ಮನೆಗೆ ಬಂದು ಅದನ್ನೂ, ನನ್ನ ಹತ್ತಿರ ಉಳಿದಿದ್ದ ಮೂರನೇ ಶಿರಾಜನ್ನೂ ಒಂದೇ ಹೊತ್ತಿಗೆ ತೆಗೆದೆ. ಎರಡು ಒಂದೇ ತರಹದ ಲೋಟ, ಕೆಳಗೆ ಬಿಳಿ ಹಾಳೆ.

ಲೋಟ ಓರೆ ಮಾಡಿದಾಗಲೇ ವ್ಯತ್ಯಾಸ ಕಂಡಿತು. ಹೊಸದರ ಅಂಚು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಹಳೆಯದರ ಅಂಚು ಇಟ್ಟಿಗೆ ಬಣ್ಣ. ಮೂಗಿಗೆ ಹಿಡಿದರೆ ಹೊಸದರಲ್ಲಿ ಕಪ್ಪು ಹಣ್ಣಿನ ಪರಿಮಳ, ಹಿಂದೆಯೇ ಆಗಷ್ಟೇ ಕುಟ್ಟಿದ ಕರಿಮೆಣಸು. ಶಿರಾಜ್ ದ್ರಾಕ್ಷಿಯಲ್ಲೂ ಕರಿಮೆಣಸಿನಲ್ಲೂ ರೋಟಂಡೋನ್ ಅನ್ನುವ ಒಂದೇ ಅಂಶ ಇದೆ, ಅದರಿಂದ ಆ ಘಮ. ಹಳೆಯದರಲ್ಲಿ ಮೆಣಸಿನ ಸುಳಿವೇ ಇಲ್ಲ. ಬಾಯಲ್ಲಿ ಹೊಸದು ಒಗರಾಗಿತ್ತು, ಎಳೆ ಅಡಿಕೆ ಅಗಿದಾಗ ಒಸಡು ಹಿಡಿಯುತ್ತಲ್ಲ, ಹಾಗೆ. ಇನ್ನೊಂದರಲ್ಲಿ ಒಗರೂ ಸತ್ತಿತ್ತು. ಹಾಗಾಗಿ ಇದು ರಾತ್ರಿಯ ಗಾಳಿಯಿಂದ ಆಗಿದ್ದಲ್ಲ. ಬಾಟಲಿ ನನ್ನ ಕೈಗೆ ಬರುವ ಮೊದಲೇ ಕೆಟ್ಟಿತ್ತು.

ಹೊಸ ಬಾಟಲಿಯಲ್ಲಿ ಉಳಿದದ್ದನ್ನು ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಟ್ಟು ದಿನಾ ಒಂದು ಗುಟುಕು ನೋಡಿದೆ. ಮಾರನೇ ದಿನ ಇನ್ನೂ ಮೆತ್ತಗಾಗಿ ಚೆನ್ನಾಗಿತ್ತು. ಮೂರನೇ ದಿನ ಪರಿಮಳ ಇಳಿಯಿತು. ಐದನೇ ದಿನ ಸಪ್ಪೆ. ಒಂದು ರಾತ್ರಿ ತೆರೆದಿಟ್ಟ ಮಾತ್ರಕ್ಕೆ ಒಳ್ಳೆ ರೆಡ್ ವೈನ್ ಬೆಂದ ವಾಸನೆ ಬರುವುದಿಲ್ಲ. ಯಾರಾದರೂ ಹಾಗೆ ಹೇಳಿದರೆ ಒಪ್ಪಬೇಡಿ.

ಬಾಟಲಿಯೊಳಗೆ ಆಗುವುದು ಇಷ್ಟು. ವೈನ್ ಇಡಬೇಕಾದದ್ದು ಸುಮಾರು 12ರಿಂದ 15 ಡಿಗ್ರಿಯಲ್ಲಿ. ಬಿಸಿಲಿಗೆ ಕಾದರೆ ವೈನ್ ಹಿಗ್ಗಿ ಕಾರ್ಕನ್ನು ಮೇಲೆ ತಳ್ಳುತ್ತೆ, ಪಕ್ಕದಲ್ಲಿ ಸೋರುತ್ತೆ. ರಾತ್ರಿ ತಣ್ಣಗಾದಾಗ ಕುಗ್ಗಿ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತೆ. ದಿನಾ ಇದೇ ನಡೆದರೆ ವೈನ್ ಉಳಿಯುವುದು ಹೇಗೆ? ನಮ್ಮ ಊರು ತಂಪು ಅಂತ ನಾವು ಇನ್ನೂ ಅಂದುಕೊಂಡಿದ್ದೇವೆ. 2016ರ ಏಪ್ರಿಲ್ 24ರಂದು ಇದೇ ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಗಾಜಿನ ಹಿಂದೆ ಅದಕ್ಕಿಂತ ಜಾಸ್ತಿಯೇ ಇರುತ್ತೆ. ಸ್ಕ್ರೂ ಮುಚ್ಚಳದ ಬಾಟಲಿಯಾದರೆ ಸೋರಿದ್ದು ಕಾಣಿಸದೇ ಇರಬಹುದು, ಆದರೆ ಒಳಗಿನ ವೈನ್ ಬೇಯುವುದು ತಪ್ಪುವುದಿಲ್ಲ. ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ಬಿಟ್ಟರೂ, ಮನೆಯಲ್ಲಿ ಫ್ರಿಜ್ಜಿನ ಮೇಲೆ ಇಟ್ಟರೂ ಇದೇ ಗತಿ. ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಜಂಪಾ ಅನ್ನುವ ವೈನ್ ಕಂಪನಿಯ ತೋಟ ನೋಡಲು ಹೋದವರಿಗೆ ಬ್ಯಾರಲ್ ಕೋಣೆಯ ತಂಪು ನೆನಪಿರುತ್ತೆ. ಅಷ್ಟು ಜೋಪಾನವಾಗಿ ಮಾಡಿದ್ದನ್ನು ಒಂದು ಬೇಸಿಗೆ ಹಾಳು ಮಾಡಿಬಿಡುತ್ತೆ ಅಂದರೆ ಹೊಟ್ಟೆ ಉರಿಯುತ್ತೆ.

ಎಲ್ಲ ಕೆಟ್ಟ ವಾಸನೆಗೂ ಅಂಗಡಿಯವರೇ ಕಾರಣ ಅಲ್ಲ. ಮಳೆಗೆ ನೆನೆದ ರಟ್ಟಿನ ಡಬ್ಬದಂತೆ ಮುಗ್ಗಲು ವಾಸನೆ ಬಂದರೆ ಅದು ಕಾರ್ಕಿನಿಂದ ಬಂದದ್ದು, ಅದಕ್ಕೆ ಕಾರಣವಾದ ರಾಸಾಯನಿಕವನ್ನು ಟಿಸಿಎ ಅನ್ನುತ್ತಾರೆ. ಆರೋಗ್ಯಕ್ಕೆ ತೊಂದರೆ ಇಲ್ಲ, ಆದರೆ ಎಷ್ಟು ಹೊತ್ತು ಗಾಳಿಗಿಟ್ಟರೂ ಹೋಗುವುದಿಲ್ಲ. ಬೆಂಕಿಕಡ್ಡಿ ಗೀರಿದಂಥ ವಾಸನೆ ಮಾತ್ರ ಸ್ವಲ್ಪ ಹೊತ್ತು ಲೋಟದಲ್ಲಿ ಆಡಿಸಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತೆ, ಅದಕ್ಕೆ ಕಾಯಿರಿ. ಬಿಳಿ ವೈನಿನ ತಳದಲ್ಲಿ ಕಲ್ಲುಸಕ್ಕರೆ ಪುಡಿಯಂತೆ ಹರಳು ಕಂಡರೆ ಹೆದರಬೇಡಿ. ಅದು ವೈನಿನದೇ ಟಾರ್ಟಾರಿಕ್ ಆಮ್ಲದಿಂದ ಆದ ಹರಳು, ಏನೂ ಆಗಲ್ಲ. ಆದರೆ ಬಾಯಿಯ ಮೇಲಿನ ಅಬಕಾರಿ ಲೇಬಲ್ ಹರಿದಿದ್ದರೆ, ಸೀಲ್ ಬಿಚ್ಚಿದಂತೆ ಕಂಡರೆ ರುಚಿ ನೋಡಲೂ ಹೋಗಬೇಡಿ. ಅದು ಬೇರೆಯೇ ಅಪಾಯ.

ಕೊಳ್ಳುವಾಗ ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ಕತ್ತಿನ ಬಳಿ ವೈನ್ ತೀರಾ ಕೆಳಗಿದ್ದರೆ, ಕಾರ್ಕ್ ಉಬ್ಬಿದ್ದರೆ, ಅಂಟು ಇದ್ದರೆ, ಬಿಳಿ ವೈನ್ ಕಂದು ತಿರುಗಿದ್ದರೆ ಬೇಡ ಅನ್ನಿ. ಶೋಕೇಸಿನದು ಬೇಡ, ಒಳಗಿನಿಂದ ಕೊಡಿ ಅಂತ ಕೇಳಲು ಸಂಕೋಚ ಬೇಡ. ನೆಂಟರು ಬರುವ ಹಿಂದಿನ ದಿನವೇ ಒಂದು ಬಾಟಲಿ ತೆಗೆದು ನೋಡಿ. ಮುಖ್ಯವಾಗಿ ಸರಿಯಾದ ಬಿಲ್ ಪಡೆಯಿರಿ, ಕಾರ್ಕಿನ ಫೋಟೋ ಇಟ್ಟುಕೊಳ್ಳಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುವಾಗ ಕೈಯಲ್ಲಿ ಪುರಾವೆ ಬೇಕು. ನನ್ನ ಹತ್ತಿರ ಇದ್ದದ್ದು ಅಂಗಡಿಯ ಹೆಸರೂ ಇಲ್ಲದ ಚೀಟಿ.

ನಿನ್ನೆ ಸಂಜೆ ನಾಲ್ಕು ಗಂಟೆಗೆ ಅದೇ ದಾರಿಯಲ್ಲಿ ಬಂದೆ. ಶೋಕೇಸಿನಲ್ಲಿ ನಾನು ಖಾಲಿ ಮಾಡಿದ್ದ ಜಾಗಕ್ಕೆ ಬೇರೆ ಬಾಟಲಿಗಳು ಬಂದಿವೆ. ಬಿಸಿಲು ನೇರವಾಗಿ ಅವುಗಳ ಮೇಲೇ ಬೀಳುತ್ತಿತ್ತು.